ಬೆದರಿಸಿದವರನ್ನು ಬಿಟ್ಟು ನಗಿಸುವವನನ್ನು ತಡೆದರು

2021ರ ನವೆಂಬರ್ 28ರಂದು ಬೆಂಗಳೂರಿನ ಗುಡ್ ಶೆಫರ್ಡ್ ಸಭಾಂಗಣದಲ್ಲಿ ನಡೆಯಬೇಕಿದ್ದ ಹಾಸ್ಯಗಾರ ಮುನಾವರ್ ಫಾರೂಕಿಯ ಕಾರ್ಯಕ್ರಮ ರದ್ದಾಯಿತು. 600ಕ್ಕೂ ಹೆಚ್ಚು ಟಿಕೆಟ್ ಹೋಗಿದ್ದವೆಂದು ಆತ ಹೇಳಿಕೊಂಡ. ಹಲವು ಸಂಘಟನೆಗಳ ವಿರೋಧವಿದೆ, ಶಾಂತಿ ಕದಡೀತು ಎಂದು ಅಶೋಕನಗರ ಠಾಣೆಯ ಪೊಲೀಸರು ಸಂಘಟಕರಿಗೆ ಪತ್ರ ಕೊಟ್ಟಿದ್ದರು. ಗದ್ದಲದ ಬೆದರಿಕೆ ಹಾಕಿದವರು ಬೇರೆ, ನಿರ್ಬಂಧ ಬಿದ್ದದ್ದು ಬೇರೆಯವನ ಮೇಲೆ. ಇದು ಬೆಂಗಳೂರಿನವರ ಗೊಡವೆ, ನಮಗೇನು ಎಂದು ಸಿಂಧನೂರು, ಲಿಂಗಸುಗೂರು, ಮಸ್ಕಿಯವರು ಸುಮ್ಮನಿರುವಂತಿಲ್ಲ. ಕಂಪನಿ ನಾಟಕ ನೋಡಿ ಬೆಳೆದ ಸೀಮೆ ಇದು. ಜಾತ್ರೆಯ ಥೇಟರಿನಲ್ಲಿ ಹಾಸ್ಯ ಪಾತ್ರಧಾರಿ ಕಥೆಯನ್ನು ಅಲ್ಲೇ ನಿಲ್ಲಿಸಿ, ರಂಗದ ತುದಿಗೆ ಬಂದು, ಕಾಲುವೆಯ ಕೊನೆ ಭಾಗಕ್ಕೆ ಬಾರದ ನೀರಿನ ಬಗ್ಗೆ, ವೋಟಿಗೆ ಹಂಚಿದ ನೋಟಿನ ಬಗ್ಗೆ ನಾಲ್ಕು ಮಾತು ಬಿಸಾಕುತ್ತಾನೆ. ಮುಂದಿನ ಸಾಲಿನಲ್ಲಿ ಕೂತ ಮುಖಂಡನೂ ನಗಲೇಬೇಕು. ಮಾಸ್ಟರ್ ಹಿರಣ್ಣಯ್ಯ ‘ಲಂಚಾವತಾರ’ದಲ್ಲಿ ದಶಕಗಳ ಕಾಲ ಮಾಡಿದ್ದು ಇದನ್ನೇ, ಆಳುವವರ ಹೆಸರು ಹಿಡಿದೇ. ಒಂದು ಸಭಾಂಗಣಕ್ಕೆ ರಾಜಧಾನಿಯ ಪೊಲೀಸರೇ ರಕ್ಷಣೆ ಕೊಡಲಾರರು ಎಂದಾದರೆ, ಊರಿಂದೂರಿಗೆ ಕ್ಯಾಂಪ್ ಹಾಕುತ್ತ ಅನುಮತಿಗಾಗಿ ಕಚೇರಿ ಅಲೆಯುವ ಕಂಪನಿಯ ಕಲಾವಿದ ಯಾರನ್ನು ನಂಬಿ ಬಾಯಿ ತೆರೆಯಬೇಕು?

ದೇವರನ್ನು ಹಾಸ್ಯ ಮಾಡಿದವನಿಗೆ ಇಷ್ಟು ಕನಿಕರವೇಕೆ ಎಂಬ ಪ್ರಶ್ನೆಯಿದೆ. ನೋವಾದವರ ನೋವು ಸುಳ್ಳೆಂದು ನಾನು ಹೇಳುವುದಿಲ್ಲ. ದೂರು ಕೊಡಲು ಅವರಿಗೆ ಠಾಣೆಯಿದೆ, ತೀರ್ಪು ಕೊಡಲು ನ್ಯಾಯಾಲಯವಿದೆ. ಆದರೆ 2021ರ ಜನವರಿ 1ರಂದು ಇಂದೋರ್‌ನಲ್ಲಿ ಇದೇ ಆರೋಪದ ಮೇಲೆ ಫಾರೂಕಿಯನ್ನು ಬಂಧಿಸಿದ್ದು ಆ ಸಂಜೆಯ ಕಾರ್ಯಕ್ರಮ ನಡೆಸಿಕೊಡುವ ಮೊದಲೇ. ಆಡದ ಮಾತಿಗೆ ಒಂದು ತಿಂಗಳಿಗೂ ಹೆಚ್ಚು ಜೈಲು. ಹೈಕೋರ್ಟ್ ಜಾಮೀನು ನಿರಾಕರಿಸಿದ ಮೇಲೆ, ಫೆಬ್ರುವರಿ 5ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಡಬೇಕಾಯಿತು. ಹತ್ತು ತಿಂಗಳ ಬಳಿಕ ಬೆಂಗಳೂರಿನ ಪತ್ರ ಅದೇ ಪ್ರಕರಣವನ್ನು ಆತನ ವಿರುದ್ಧ ಎತ್ತಿ ತೋರಿಸಿತು. ಆರೋಪವೇ ಶಿಕ್ಷೆಯಾಗುವುದು ಹೀಗೆ.

ಗಲಭೆಯಾದರೆ ಹೊಣೆ ಪೊಲೀಸರದ್ದೇ ಅಲ್ಲವೇ ಎನ್ನುವವರಿಗೆ ಉತ್ತರ 1989ರಲ್ಲೇ ಸಿಕ್ಕಿದೆ. ತಮಿಳು ಚಿತ್ರವೊಂದರ ವಿವಾದದಲ್ಲಿ, ಎಸ್. ರಂಗರಾಜನ್ ಪ್ರಕರಣದ ತೀರ್ಪಿನಲ್ಲಿ, ಪ್ರತಿಭಟನೆ, ಹಿಂಸೆಯ ಬೆದರಿಕೆಗೆ ಹೆದರಿ ಅಭಿವ್ಯಕ್ತಿಯನ್ನು ಹತ್ತಿಕ್ಕುವುದು ದಬ್ಬಾಳಿಕೆಗೆ ಶರಣಾದಂತೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯ ಎಂದಿತು. ಆದ್ದರಿಂದ ಇನ್ನು ಮುಂದೆ ಇಂಥ ಪತ್ರ ಬರೆಯುವ ಅಧಿಕಾರಿ, ಬೆಂಗಳೂರಿನವನಿರಲಿ ಮಸ್ಕಿಯವನಿರಲಿ, ಬೆದರಿಸಿದ್ದು ಯಾರು, ಅವರ ಮೇಲೆ ಯಾವ ಪ್ರಕರಣ ದಾಖಲಾಯಿತು, ಬಂದೋಬಸ್ತಿಗೆ ಎಷ್ಟು ಸಿಬ್ಬಂದಿ ಕೇಳಲಾಗಿತ್ತು ಎಂಬುದನ್ನು ಅದೇ ಪತ್ರದಲ್ಲಿ ಬರೆಯಲಿ.