ಕೆಂಪು ನಕ್ಷೆ ನೋಡಿ ಬೋರ್ಡೋ ಮುಂದೂಡಬೇಡಿ

ಮೇ ಬಂತೆಂದರೆ ಕೊಡಿಯಾಲ್‌ಬೈಲ್‌ನಲ್ಲಿರುವ ನನ್ನ ಮೊಬೈಲಿಗೂ ಅರಬ್ಬಿ ಸಮುದ್ರದ ಕೆಂಪು ನಕ್ಷೆಗಳು ಬರುತ್ತವೆ. ಜೊತೆಗೊಂದು ಸಾಲು: ‘ಕಡಲು ಕಾದಿದೆ, ಮಳೆ ತಡ, ಮದ್ದು ಆಮೇಲೆ ಬಿಟ್ಟರಾಯ್ತು.’ ಈ ಲೆಕ್ಕ ಅಡಿಕೆಗೆ ಅಪಾಯ.

ಆ ನಕ್ಷೆ ಹೇಗಾಗುತ್ತದೆ ನೋಡಿ. 2024ರಲ್ಲಿ ಹಾರಿದ ನಮ್ಮ ಇನ್ಸಾಟ್-3ಡಿಎಸ್, ಸುಮಾರು 36,000 ಕಿ.ಮೀ. ಎತ್ತರದಿಂದ ಕಡಲು ಹೊರಸೂಸುವ ಇನ್‌ಫ್ರಾರೆಡ್ ಕಿರಣ ಅಳೆಯುತ್ತದೆ. ಅದರಿಂದ ಸಿಗುವುದು ಮಿಲಿಮೀಟರಿಗಿಂತಲೂ ತೆಳುವಾದ ಮೇಲ್ಪದರದ ಬಿಸಿ. ಮೋಡ ಅಡ್ಡ ಬಂದರೆ ಕಾಣುವುದು ಮೋಡದ ತಲೆ ಮಾತ್ರ. ಹಾಗಾಗಿ ಮುಂಗಾರಿನಲ್ಲಿ ಈ ಕಣ್ಣು ಮಂಜು. ಮೈಕ್ರೋವೇವ್ ಉಪಗ್ರಹ, ಕಡಲಲ್ಲಿ ತೇಲುವ ಮಾಪಕಗಳೇ ಆಸರೆ.

ಹಾಗಂತ ನಕ್ಷೆ ದಂಡವೇನಲ್ಲ. ಹೈದರಾಬಾದಿನ ಇಂಕಾಯಿಸ್ ಈ ಮಾಹಿತಿ ಬಳಸಿ ಮೀನುಗಾರರಿಗೆ ಮೀನಿನ ಜಾಗ ಸೂಚಿಸುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತಕ್ಕೆ ಬಲ ಕೊಟ್ಟದ್ದೂ ಕಾದ ಕಡಲೇ. ಆದರೆ ನಿಮ್ಮ ತೋಟದ ಮಳೆಗೆ ಗಾಳಿಯೂ ಕೂಡಿಬರಬೇಕು, ಅದು ಈ ಬಣ್ಣದಲ್ಲಿಲ್ಲ.

ನನ್ನ ಮಾತಿಷ್ಟೇ: ಮೊದಲ ಬೋರ್ಡೋ ಮಳೆ ಹಿಡಿಯುವ ಮೊದಲೇ ಮುಗಿಯಲಿ. ದಿನ ಆರಿಸೋಕೆ ಮೇಘದೂತ್ ಆ್ಯಪ್‌ನಲ್ಲಿ ಜಿಲ್ಲೆಯ ಮುನ್ಸೂಚನೆ ನೋಡಿ. ಕೊಳೆರೋಗ ಫಾರ್ವರ್ಡ್ ಓದಿಕೊಂಡು ಕಾಯೋದಿಲ್ಲ.