ಗೆದ್ದವನು ಹೊರಗೆ, ಸೋತವನು ಒಳಗೆ!

ಲಿಥುವೇನಿಯಾ ಎಂಬ ದೇಶ ಬಾಲ್ಟಿಕ್ ಸಮುದ್ರದ ದಂಡೆಯಲ್ಲಿದೆ. ಜನಸಂಖ್ಯೆ 30 ಲಕ್ಷ ಮುಟ್ಟದು. ಅಲ್ಲಿಯ ಜನಕ್ಕೆ ಬಾಸ್ಕೆಟ್ ಬಾಲ್ ಬರಿಯ ಆಟವಲ್ಲ, ಎರಡನೆಯ ಮತವೆಂದೇ ಹೇಳುವುದುಂಟು. 1937ರಲ್ಲಿ ಮತ್ತು 1939ರಲ್ಲಿ ಅವರು ಯೂರೋಪಿನ ಚಾಂಪಿಯನ್ನರಾದರು. ಎರಡನೆಯ ಸಲ ಪಂದ್ಯಗಳಿಗೆಂದೇ ಕೌನಸ್ ನಗರದಲ್ಲಿ ಕ್ರೀಡಾಮಂದಿರವನ್ನು ಕಟ್ಟಿ, ತಮ್ಮ ನೆಲದಲ್ಲೇ ಗೆದ್ದರು. ಮರುವರ್ಷವೇ ದೇಶವನ್ನು ಸೋವಿಯತ್ ಸೇನೆ ಆಕ್ರಮಿಸಿತು.

ಸ್ವಾತಂತ್ರ್ಯ ಹೋಯಿತು, ಆಟ ಹೋಗಲಿಲ್ಲ. ಕೌನಸಿನ ಝಾಲ್ಗಿರಿಸ್ ಕ್ಲಬ್ಬು 1985, 1986, 1987ರಲ್ಲಿ ಸತತವಾಗಿ ಮಾಸ್ಕೋದ ಸೈನ್ಯದ ತಂಡವನ್ನು ಹಿಂದಿಕ್ಕಿ ಸೋವಿಯತ್ ಚಾಂಪಿಯನ್ ಆಯಿತು. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಸೋವಿಯತ್ ತಂಡದಲ್ಲಿ ಸಬೋನಿಸ್, ಮರ್ಚುಲಿಯೋನಿಸ್, ಕುರ್ತಿನೈತಿಸ್, ಖೋಮಿಚುಸ್ ಎಂಬ ನಾಲ್ವರು ಲಿಥುವೇನಿಯದವರೇ. ಪದಕದ ಮೇಲಿನ ಹೆಸರು ಮಾತ್ರ ಪರರದು! ಮುಂದೆ 1992ರಲ್ಲಿ ಬಾರ್ಸೆಲೋನಾದಲ್ಲಿ, ಚಂದಾ ಕೂಡಿಸಿಕೊಂಡು ಬಂದ ಸ್ವತಂತ್ರ ದೇಶದ ತಂಡ, ಹಳೆಯ ಸೋವಿಯತ್ ರಾಜ್ಯಗಳ ಸಂಯುಕ್ತ ತಂಡವನ್ನು 82-78ರಿಂದ ಸೋಲಿಸಿ ಕಂಚು ಪಡೆಯಿತು.

ಆ ಒಡೆತನ ತೊಲಗಿತು. ಅದರ ಸ್ಥಾನದಲ್ಲಿ ಹಣದ ಒಡೆತನ ಬಂದು ಕೂತಿತು.

ಯೂರೋಪಿನ ದೊಡ್ಡ ಕ್ಲಬ್ಬುಗಳು 2000ದಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯಾದ ಫೀಬಾದಿಂದ ಒಡೆದುಬಂದು ಯೂರೋಲೀಗನ್ನು ಕೈಗೆ ತೆಗೆದುಕೊಂಡವು. 2016ರಲ್ಲಿ ಅದು 16 ತಂಡಗಳ ಕೂಟವಾದಾಗ 11 ಜಾಗಗಳಿಗೆ ದೀರ್ಘಾವಧಿಯ ಲೈಸೆನ್ಸು ಕೊಟ್ಟಿತ್ತು. ಸಂತೆಗೆ ಹೋಗುವ ವ್ಯಾಪಾರಿ ಬಂಧುಗಳಿಗೆ ಇದನ್ನು ವಿವರಿಸಬೇಕಿಲ್ಲ: ಮುಂಭಾಗದ ಕಟ್ಟೆ ಖಾಯಂ ಆಗಿ ಕೆಲವರದು, ಉಳಿದವರು ಎಷ್ಟು ಒಳ್ಳೆಯ ಸರಕು ತಂದರೂ ಬಿಸಿಲಲ್ಲಿ ನಿಲ್ಲಬೇಕು.

ಲಿಥುವೇನಿಯಕ್ಕೆ ಸಿಕ್ಕಿದ ಒಂದೇ ಲೈಸೆನ್ಸು ಝಾಲ್ಗಿರಿಸ್‌ನದು. ರಾಜಧಾನಿ ವಿಲ್ನಿಯಸ್ಸಿನ ರೀತಸ್ ತಂಡ 2022ರಲ್ಲಿ ದೇಶದ ಲೀಗನ್ನು ಗೆದ್ದಿತು. 2024ರಲ್ಲಿ ಝಾಲ್ಗಿರಿಸನ್ನೇ ಸೋಲಿಸಿ ಮತ್ತೆ ಗೆದ್ದಿತು. ಎರಡು ಸಲವೂ ಮುಂದಿನ ಋತುವಿನಲ್ಲಿ ಯೂರೋಲೀಗಿಗೆ ಹೋದದ್ದು ಯಾರು? ಝಾಲ್ಗಿರಿಸ್! ಆ ಕ್ಲಬ್ಬಿನ ಮೇಲೆ ನಮಗೇನೂ ಸಿಟ್ಟಿಲ್ಲ; 1999ರಲ್ಲಿ ಅದು ಯೂರೋಪಿನ ಕಪ್ಪು ಗೆದ್ದದ್ದು ಲೈಸೆನ್ಸಿನಿಂದಲ್ಲ, ತೋಳ್ಬಲದಿಂದ. ಸಿಟ್ಟು ಇರುವುದು ಸೋಲು-ಗೆಲುವಿಗೆ ಬೆಲೆಯಿಲ್ಲದಂತೆ ಮಾಡಿದ ಕಟ್ಟಳೆಯ ಮೇಲೆ.

ಇನ್ನು ರಾಷ್ಟ್ರತಂಡದ ಪಾಡು. 2017ರ ನವೆಂಬರಿನಿಂದ ಫೀಬಾ ವಿಶ್ವಕಪ್ ಅರ್ಹತಾ ಪಂದ್ಯಗಳನ್ನು ಋತುವಿನ ನಡುವೆಯೇ ಇಟ್ಟಿತು. ಯೂರೋಲೀಗ್ ಆಗ ತನ್ನ ಪಂದ್ಯಗಳನ್ನು ನಿಲ್ಲಿಸಲೊಪ್ಪಲಿಲ್ಲ. ದೊಡ್ಡ ದೇಶಗಳಿಗೆ ಎರಡನೆಯ, ಮೂರನೆಯ ಸಾಲಿನ ಆಟಗಾರರು ಬೇಕಾದಷ್ಟು ಸಿಗುತ್ತಾರೆ. ಹಿಡಿಯಷ್ಟು ಜನವಿರುವ ದೇಶ ಯಾರನ್ನು ಕಣಕ್ಕಿಳಿಸಬೇಕು?

"ಸಂಬಳ ಕೊಡುವವರು ನಾವು, ಆಟಗಾರ ಕಾಲು ಮುರಿದುಕೊಂಡರೆ ನಷ್ಟ ನಮ್ಮದು" ಎಂಬುದು ಕ್ಲಬ್ಬುಗಳ ವಾದ. ಇದರಲ್ಲಿ ಸತ್ಯವಿದೆ. ಆದರೆ ಆ ಹುಡುಗನಿಗೆ ಎಂಟನೆಯ ವಯಸ್ಸಿನಲ್ಲಿ ಚೆಂಡು ಹಿಡಿಯಲು ಕಲಿಸಿದ್ದು ಯಾರ ಹಣ? ಶಾಲೆಯ ಅಂಗಳವನ್ನು ಒಡೆಯರು ಕೊಂಡಿದ್ದರೇ? ಹಾಗೆಂದು ಫೀಬಾ ಬಡವರ ಬಂಧುವೇನಲ್ಲ. ಎರಡು ಆನೆಗಳ ಜಗಳದಲ್ಲಿ ತುಳಿಸಿಕೊಂಡವನು ವರ್ಷವಿಡೀ ಬಿಡುವಿಲ್ಲದೆ ಆಡುವ ಆಟಗಾರ. ಗಿರಣಿಯಲ್ಲಿ ಪಾಳಿಯ ಮೇಲೆ ಪಾಳಿ ದುಡಿದವರಿಗೆ ಆ ದಣಿವು ಗೊತ್ತು.

2023ರಲ್ಲಿ ಮನಿಲಾದಲ್ಲಿ ಇದೇ ದೇಶ ಅಮೆರಿಕವನ್ನು 110-104ರಿಂದ ಸೋಲಿಸಿತು. ಆದರೂ 2021ರ ಟೋಕಿಯೋ, 2024ರ ಪ್ಯಾರಿಸ್ ಒಲಿಂಪಿಕ್ಸುಗಳಿಗೆ ಹೋಗಲಾಗಲಿಲ್ಲ. ಎರಡು ಸಲವೂ ಅರ್ಹತೆಯ ಕೊನೆಯ ಪಂದ್ಯದಲ್ಲಿ ಸೋತಿತು. ಆ ಸೋಲುಗಳನ್ನೂ ಲೈಸೆನ್ಸಿನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಎದುರಾಳಿಗಳು ಚೆನ್ನಾಗಿ ಆಡಿದರು, ಅಷ್ಟೆ.

2025ರ ಮಾರ್ಚಿನಲ್ಲಿ ಅಮೆರಿಕದ ಎನ್‌ಬಿಎ ಫೀಬಾದ ಜೊತೆಗೂಡಿ ಯೂರೋಪಿನಲ್ಲಿ ಹೊಸ ಲೀಗಿನ ವಿಚಾರವನ್ನು ಪ್ರಕಟಿಸಿತು. ಅದರಲ್ಲೂ ಖಾಯಂ ಜಾಗಗಳ ಮಾತೇ! ಯಾವ ಧಣಿ ಬಂದರೂ ಕೇಳಬೇಕಾದವು ಎರಡು: ಪ್ರತಿ ದೇಶದ ಚಾಂಪಿಯನ್ನನಿಗೆ ಬಾಗಿಲು ತೆರೆದಿರಲಿ, ಪಂದ್ಯಗಳ ವೇಳಾಪಟ್ಟಿ ಬರೆಯುವ ಮೇಜಿನಲ್ಲಿ ಆಟಗಾರರ ಸಂಘಕ್ಕೂ ಕುರ್ಚಿ ಇರಲಿ.