ಮೋಟು ನಳಿಗೆ, ಉದ್ದನೆಯ ಅಪಾಯ

ಬಂದೂಕಿನ ಮಾತು ಬಂದಾಗಲೆಲ್ಲ ಜನರು ಮೊದಲು ಕೇಳುವ ಪ್ರಶ್ನೆ ಒಂದೇ: “ಅದರ ಗುಂಡು ಎಷ್ಟು ದೂರ ಹೋಗುತ್ತದೆ?” ಪ್ರಶ್ನೆ ಸರಳವಾಗಿ ಕಾಣುತ್ತದೆ, ಆದರೆ ಅದರೊಳಗೆ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಗುರಿಯಿಟ್ಟ ವಸ್ತುವನ್ನು ಎಷ್ಟು ದೂರದವರೆಗೆ ನಂಬಿಕೆಯಿಂದ ಹೊಡೆಯಬಹುದು ಎಂಬುದು ಒಂದು. ಗುರಿ ತಪ್ಪಿದ ಗುಂಡು ಎಷ್ಟು ದೂರ ಹಾರಿ ಬೀಳುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ‘ಪರಿಣಾಮದ ದೂರ’ವೆಂದೂ ಎರಡನೆಯದನ್ನು ‘ಅಪಾಯದ ದೂರ’ವೆಂದೂ ಕರೆಯೋಣ. ಇವೆರಡೂ ಬೇರೆ ಬೇರೆ ಎಂಬುದನ್ನು ಮೋಟು ನಳಿಗೆಯ ರೈಫಲಿನಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಮತ್ತೊಂದಿಲ್ಲ. ನಳಿಗೆ ಗಿಡ್ಡವಾದಂತೆ ಪರಿಣಾಮದ ದೂರ ಬೇಗ ಕುಗ್ಗುತ್ತದೆ. ಅಪಾಯದ ದೂರ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಚಿಕ್ಕ ಬಂದೂಕಿನಿಂದ ಚಿಕ್ಕ ಅಪಾಯ ಎಂಬ ಸಾಮಾನ್ಯ ನಂಬಿಕೆ ಭೌತವಿಜ್ಞಾನಕ್ಕೆ ಒಪ್ಪುವಂಥದಲ್ಲ ಎಂಬುದೇ ಈ ಲೇಖನದ ವಾದ.

ಮೊದಲು ನಳಿಗೆಯ ಕೆಲಸವೇನೆಂಬುದನ್ನು ನೋಡೋಣ. ನಮ್ಮ ಬಯಲುಸೀಮೆಯ ರೈತರು ಜೋಳದ ಹೊಲದಲ್ಲಿ ಅಟ್ಟಣೆಯೇರಿ ಕವಣೆ ಬೀಸಿ ಹಕ್ಕಿಗಳನ್ನು ಓಡಿಸುತ್ತಿದ್ದುದನ್ನು ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದಂಥ ಊರುಗಳಲ್ಲಿ ಹಿರಿಯರನ್ನು ಕೇಳಿ ತಿಳಿಯಬಹುದು. ಕವಣೆಯ ಹಗ್ಗ ಗಿಡ್ಡವಾದರೆ ಕಲ್ಲಿಗೆ ವೇಗ ಸಾಲದು; ಉದ್ದವಾದರೆ ಅದೇ ತೋಳು ಅದೇ ಕಲ್ಲನ್ನು ಹೆಚ್ಚು ದೂರ ಎಸೆಯುತ್ತದೆ. ಕಲ್ಲನ್ನು ತಳ್ಳುವ ಬಲ ಹೆಚ್ಚು ಹಾದಿಯುದ್ದಕ್ಕೂ ಅದರ ಮೇಲೆ ಕೆಲಸ ಮಾಡುವುದೇ ಇದಕ್ಕೆ ಕಾರಣ. ಬಂದೂಕಿನಲ್ಲಿ ತೋಳಿನ ಕೆಲಸವನ್ನು ಮಾಡುವುದು ಅನಿಲ. ತೋಟಾದೊಳಗಿನ ಮದ್ದು ಉರಿದು ಬಿಸಿ ಅನಿಲವಾಗುತ್ತದೆ. ಆ ಅನಿಲ ಹಿಗ್ಗುತ್ತ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಗುಂಡು ಬಾಯಿಯನ್ನು ದಾಟಿತೆಂದರೆ ತಳ್ಳಾಟ ಮುಗಿಯಿತು. ಆದುದರಿಂದ ನಳಿಗೆಯ ಉದ್ದವೆಂದರೆ ಅನಿಲಕ್ಕೆ ಕೆಲಸ ಮಾಡಲು ದೊರೆತ ಹಾದಿಯ ಉದ್ದ.

ಈ ಮಾತಿಗೆ ಅಂಕಿಗಳ ಆಧಾರ ಬೇಕಷ್ಟೆ? ರಷ್ಯದ ಎ.ಕೆ.-74 ಮತ್ತು ಅದರ ಮೋಟು ರೂಪವಾದ ಎ.ಕೆ.ಎಸ್.-74ಯು ಎಂಬ ಎರಡು ರೈಫಲುಗಳನ್ನು ತೆಗೆದುಕೊಳ್ಳೋಣ. ಎರಡರಲ್ಲಿಯೂ ತೋಟಾ ಒಂದೇ. ಮೊದಲನೆಯದರ ನಳಿಗೆ 415 ಮಿಲಿಮೀಟರು, ಎರಡನೆಯದು ಸುಮಾರು 206 ಮಿಲಿಮೀಟರು, ಎಂದರೆ ಹೆಚ್ಚು ಕಡಿಮೆ ಅರ್ಧ. ಬಾಯಿಯನ್ನು ಬಿಡುವಾಗ ಗುಂಡಿನ ವೇಗ ಮೊದಲನೆಯದರಲ್ಲಿ ಸೆಕೆಂಡಿಗೆ 900 ಮೀಟರು. ಎರಡನೆಯದರಲ್ಲಿ 735 ಮೀಟರು. ನಳಿಗೆ ಅರ್ಧವಾದರೂ ವೇಗ ಅರ್ಧವಾಗಲಿಲ್ಲ. ಶೇಕಡ 18ರಷ್ಟು ಮಾತ್ರ ಇಳಿಯಿತು. ಆದರೆ ಚಲನಶಕ್ತಿ ವೇಗದ ವರ್ಗವನ್ನು ಅನುಸರಿಸುತ್ತದೆಯಾದ್ದರಿಂದ ಶಕ್ತಿಯಲ್ಲಿ ಮೂರನೆಯ ಒಂದು ಪಾಲು ನಷ್ಟವಾಯಿತು. ಸ್ಥೂಲವಾಗಿ ಹೇಳುವುದಾದರೆ, ನಳಿಗೆಯ ಮೊದಲ ಅರ್ಧ ಮೂರರಲ್ಲಿ ಎರಡು ಪಾಲು ಶಕ್ತಿಯನ್ನೂ ಉಳಿದ ಅರ್ಧ ಒಂದು ಪಾಲನ್ನೂ ಕೊಡುತ್ತವೆ. ಅನಿಲ ಹಿಗ್ಗಿದಷ್ಟೂ ಅದರ ಒತ್ತಡ ತಗ್ಗುವುದರಿಂದ ಹೀಗಾಗುವುದು ಸಹಜವೇ.

ಇನ್ನು ಗುರಿಯ ಮೇಲೆ ಇದರ ಪರಿಣಾಮವನ್ನು ಲೆಕ್ಕ ಹಾಕೋಣ. ಗಾಳಿಯ ತಡೆಯನ್ನು ಸದ್ಯಕ್ಕೆ ಬದಿಗಿಟ್ಟರೆ, 300 ಮೀಟರು ಸಾಗಲು ವೇಗದ ಗುಂಡಿಗೆ ಸೆಕೆಂಡಿನ ಮೂರನೆಯ ಒಂದು ಭಾಗ ಸಾಕು; ಅಷ್ಟರಲ್ಲಿ ಅದು ಸುಮಾರು 54 ಸೆಂಟಿಮೀಟರು ಕೆಳಗೆ ಬೀಳುತ್ತದೆ. ನಿಧಾನದ ಗುಂಡಿಗೆ 0.41 ಸೆಕೆಂಡು ಬೇಕು. ಅದು ಸುಮಾರು 82 ಸೆಂಟಿಮೀಟರು ಬೀಳುತ್ತದೆ. ಗಾಳಿಯ ತಡೆಯನ್ನೂ ಸೇರಿಸಿದರೆ ಈ ಅಂತರ ಇನ್ನೂ ಹೆಚ್ಚುತ್ತದೆ. ದೂರವನ್ನು ಅಂದಾಜು ಮಾಡುವುದರಲ್ಲಿ ಸ್ವಲ್ಪ ತಪ್ಪಿದರೂ ಮೋಟು ರೈಫಲಿನ ಗುಂಡು ಗುರಿಯ ಕೆಳಗೋ ಮೇಲೋ ಹೋಗುತ್ತದೆ. ಮೊದಲನೆಯ ರೈಫಲಿನ ಗುರಿಪಟ್ಟಿಯಲ್ಲಿ 1000 ಮೀಟರಿನವರೆಗೆ ಗುರುತುಗಳಿದ್ದರೆ, ಎರಡನೆಯದರಲ್ಲಿ ಅವು 500 ಮೀಟರಿಗೇ ನಿಂತಿರುವುದು ಆಕಸ್ಮಿಕವಲ್ಲ.

ಕಳೆದ ವೇಗವನ್ನು ತೋಟಾ ಬದಲಿಸಿ ಮರಳಿ ಪಡೆಯಲಾಗದೆ? ಸ್ವಲ್ಪಮಟ್ಟಿಗೆ ಆದೀತು; ಪೂರ್ಣವಾಗಿ ಆಗದು. ಉದ್ದ ನಳಿಗೆಗೆಂದು ಮಾಡಿದ ಮದ್ದು ನಿಧಾನವಾಗಿ ಉರಿಯುವಂಥದು. ಗಿಡ್ಡ ನಳಿಗೆಯಲ್ಲಿ ಅದರ ಶಕ್ತಿಯ ಒಂದು ಪಾಲು ಗುಂಡಿಗೆ ಸಿಕ್ಕದೆ, ಬಾಯಿಯ ಹೊರಗೆ ಬೆಂಕಿಯಾಗಿ, ಕಿವಿಗಡಚಿಕ್ಕುವ ಸದ್ದಾಗಿ ವ್ಯರ್ಥವಾಗುತ್ತದೆ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ನಮ್ಮ ದೇಶಕ್ಕೆ ಚಿರಪರಿಚಿತವಾದ .303 ರೈಫಲನ್ನು ಮೋಟು ಮಾಡಿ ‘ಜಂಗಲ್ ಕಾರ್ಬೈನ್’ ತಯಾರಿಸಿದಾಗ, ತೋಟಾ ಹಳೆಯದೇ ಆದುದರಿಂದ ಭುಜಕ್ಕೆ ಬಲವಾದ ಒದೆತವೂ ಬಾಯಿಯಲ್ಲಿ ದೊಡ್ಡ ಮಿಂಚೂ ಕಾಣಿಸಿಕೊಂಡವು. ಮಿಂಚನ್ನು ಮರೆಸಲು ಬಾಯಿಗೆ ಆಲಿಕೆಯಂಥ ಒಂದು ಲೋಹದ ಭಾಗವನ್ನು ಜೋಡಿಸಬೇಕಾಯಿತು.

ಆಮೇಲಿನ ವಿನ್ಯಾಸಕಾರರು ನಳಿಗೆಗೆ ತಕ್ಕ ತೋಟಾವನ್ನೇ ರೂಪಿಸುವ ಮಾರ್ಗ ಹಿಡಿದರು. ಅಮೆರಿಕದಲ್ಲಿ 2011ರಲ್ಲಿ ಅಂಗೀಕೃತವಾದ ‘300 ಬ್ಲ್ಯಾಕ್‌ಔಟ್’ ತೋಟಾದಲ್ಲಿ ಬೇಗ ಉರಿಯುವ ಮದ್ದನ್ನು ಬಳಸುತ್ತಾರೆ. ಅದು ಗಿಡ್ಡ ನಳಿಗೆಯೊಳಗೇ ತನ್ನ ಕೆಲಸವನ್ನು ಬಹುಪಾಲು ಮುಗಿಸುತ್ತದೆ. ಆದರೆ ಅದರ ಭಾರವಾದ ನಿಧಾನದ ಗುಂಡು ದೂರ ಹೋದಂತೆ ಬಹಳ ಬಾಗಿ ಬೀಳುತ್ತದೆ. ನಮ್ಮಲ್ಲಿ ಪುಣೆಯ ಶಸ್ತ್ರಾಸ್ತ್ರ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆಯು ರೂಪಿಸಿದ ‘ಜಾಯಿಂಟ್ ವೆಂಚರ್ ಪ್ರೊಟೆಕ್ಟಿವ್ ಕಾರ್ಬೈನ್’ ಇನ್ನೂ ಒಳ್ಳೆಯ ಉದಾಹರಣೆ. ಸಾಮಾನ್ಯ 5.56 ಮಿಲಿಮೀಟರಿನ ತೋಟಾದ ಕೋಶ 45 ಮಿಲಿಮೀಟರು ಉದ್ದವಿದ್ದರೆ ಇದರದು 30 ಮಿಲಿಮೀಟರು ಮಾತ್ರ. 2020ರ ಡಿಸೆಂಬರಿನಲ್ಲಿ ಅದರ ಕೊನೆಯ ಹಂತದ ಪರೀಕ್ಷೆ ಮುಗಿದಾಗ ಪ್ರಕಟಿಸಿದ ಪರಿಣಾಮದ ದೂರ 100 ಮೀಟರಿಗೂ ಹೆಚ್ಚು ಎಂಬುದಷ್ಟೆ. ಹತ್ತಿರದ ಕೆಲಸಕ್ಕೆ ಹತ್ತಿರದ ಆಯುಧವೆಂದು ಒಪ್ಪಿಕೊಂಡೇ ಮಾಡಿದ ವಿನ್ಯಾಸವದು. ಇದರಲ್ಲಿ ಒಂದು ಪ್ರಾಮಾಣಿಕತೆಯಿದೆ. ವಾಹನದೊಳಗೆ ಕುಳಿತ ಯೋಧನಿಗೂ ಇಕ್ಕಟ್ಟಾದ ಕಟ್ಟಡವನ್ನು ಹೊಗಬೇಕಾದ ಪೊಲೀಸಿನವನಿಗೂ ಗಿಡ್ಡ ಆಯುಧ ಬೇಕಾದೀತು. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆದರೆ ‘ಹತ್ತಿರದ ಆಯುಧ’ವೆಂದ ಮಾತ್ರಕ್ಕೆ ಅದರ ಗುಂಡು ಹತ್ತಿರದಲ್ಲಿಯೇ ನಿಲ್ಲುವುದೆ? ಅಮೆರಿಕದ ಸೈನ್ಯದ ಕೈಪಿಡಿಯನ್ನು ನೋಡೋಣ. 508 ಮಿಲಿಮೀಟರು ನಳಿಗೆಯ ಎಂ-16 ರೈಫಲಿಗೆ ಒಬ್ಬನೇ ವ್ಯಕ್ತಿಯಷ್ಟು ಗುರಿಯ ಮೇಲೆ ಪರಿಣಾಮದ ದೂರ 550 ಮೀಟರು, ವಿಸ್ತಾರವಾದ ಗುರಿಯ ಮೇಲೆ 800 ಮೀಟರು. 368 ಮಿಲಿಮೀಟರು ನಳಿಗೆಯ ಎಂ-4 ಕಾರ್ಬೈನಿಗೆ ಅವು ಕ್ರಮವಾಗಿ 500 ಮತ್ತು 600 ಮೀಟರು. ಗುಂಡು ಹಾರಬಲ್ಲ ಗರಿಷ್ಠ ದೂರವನ್ನು ಮಾತ್ರ ಎರಡಕ್ಕೂ ಒಂದೇ ಸಂಖ್ಯೆಯಲ್ಲಿ ಬರೆದಿದ್ದಾರೆ: 3600 ಮೀಟರು!

ಇದಕ್ಕೆ ಕಾರಣ ಗಾಳಿ. ಗಾಳಿಯೇ ಇಲ್ಲದಿದ್ದರೆ ಸೆಕೆಂಡಿಗೆ 900 ಮೀಟರಿನ ಗುಂಡು 45 ಡಿಗ್ರಿಯ ಕೋನದಲ್ಲಿ ಹೊರಟು ಸುಮಾರು 82 ಕಿಲೋಮೀಟರು ಹೋಗಬೇಕು; ರಾಂಪುರದಲ್ಲಿ ಹೊರಟದ್ದು ಚಳ್ಳಕೆರೆಯನ್ನೂ ದಾಟಬೇಕು. 735 ಮೀಟರಿನದು 55 ಕಿಲೋಮೀಟರು. ನಿಜದಲ್ಲಿ ಇಂಥ ಹಗುರವಾದ ಗುಂಡು ನಾಲ್ಕು ಕಿಲೋಮೀಟರನ್ನೂ ಮುಟ್ಟುವುದಿಲ್ಲ. ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ಹೆಚ್ಚು. ಉದ್ದ ನಳಿಗೆ ಕೊಟ್ಟ ಹೆಚ್ಚುವರಿ ವೇಗವನ್ನು ಗಾಳಿ ಮೊದಲ ಕೆಲವು ನೂರು ಮೀಟರುಗಳಲ್ಲಿಯೇ ಕಿತ್ತುಕೊಳ್ಳುತ್ತದೆ. ಆ ಮೇಲಿನ ಪಯಣದಲ್ಲಿ ಎರಡು ಗುಂಡುಗಳಿಗೂ ಅಷ್ಟಾಗಿ ಭೇದವಿಲ್ಲ. ನಳಿಗೆ ಗಿಡ್ಡವಾದಾಗ ಹೊಡೆಯುವವನು ಕಳೆದುಕೊಳ್ಳುವುದು ಬಹಳ. ದೂರದಲ್ಲಿರುವ ದಾರಿಹೋಕನಿಗೆ ದೊರೆಯುವ ರಕ್ಷಣೆ ಅತ್ಯಲ್ಪ.

ಈ ಮಾತನ್ನು ರಾಂಪುರದ ಸುತ್ತಲಿನ ನೆಲದ ಮೇಲೆ ಇಟ್ಟು ನೋಡಿದರೆ ಅದರ ಗಾಂಭೀರ್ಯ ತಿಳಿಯುತ್ತದೆ. ಒಂದು ಕಡೆ ಮರಗಳು ವಿರಳವಾದ ಶೇಂಗಾ ಹೊಲಗಳ ಬಯಲು. ಗುಂಡನ್ನು ತಡೆಯಲು ಅಲ್ಲಿ ಬದುವಿನಷ್ಟು ಎತ್ತರದ ಮಣ್ಣಿದ್ದರೆ ಹೆಚ್ಚು. ಇನ್ನೊಂದು ಕಡೆ ಜಟಂಗಿ ರಾಮೇಶ್ವರದಂಥ ಬಂಡೆಗಲ್ಲಿನ ಬೆಟ್ಟಗಳು. ಬಂಡೆಗೆ ಓರೆಯಾಗಿ ತಾಗಿದ ಗುಂಡು ಅಲ್ಲಿಯೇ ನಿಲ್ಲದೆ, ಯಾರೂ ಎಣಿಸದ ದಿಕ್ಕಿಗೆ ಸಿಡಿಯುತ್ತದೆ. 3600 ಮೀಟರೆಂದರೆ ಮುಕ್ಕಾಲು ಗಂಟೆಯ ನಡಿಗೆ. ಅಷ್ಟರೊಳಗೆ ಎಷ್ಟು ಹೊಲಗಳಲ್ಲಿ ಜನ ಬಗ್ಗಿ ಕಳೆ ಕೀಳುತ್ತಿರುತ್ತಾರೆ, ಎಷ್ಟು ಕುರಿಮಂದೆಗಳು ಮೇಯುತ್ತಿರುತ್ತವೆ! ಕಾಡುಹಂದಿಯಿಂದ ಬೆಳೆ ಕಳೆದುಕೊಳ್ಳುವ, ಕರಡಿಯ ಭಯದಲ್ಲಿ ರಾತ್ರಿ ಹೊಲ ಕಾಯುವ ರೈತನ ಕಷ್ಟ ದೊಡ್ಡದು. ಕರಡಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆಯಿದೆ ಎಂಬುದು ಒಂದು ಮಾತು. ಕತ್ತಲೆಯಲ್ಲಿ ಗುರಿಯ ಹಿಂದೇನಿದೆ ಎಂದು ಕಾಣದೆ ಹಾರಿಸಿದ ಗುಂಡಿಗೆ ಹಂದಿಯೂ ನೆರೆಹೊಲದ ಮನುಷ್ಯನೂ ಒಂದೇ ಎಂಬುದು ಅದಕ್ಕಿಂತ ಮುಖ್ಯವಾದ ಮಾತು.

1959ರ ಶಸ್ತ್ರಾಸ್ತ್ರ ಕಾಯಿದೆಯ 6ನೆಯ ವಿಧಿಯು ಪರವಾನಗಿಯಿಲ್ಲದೆ ಬಂದೂಕಿನ ನಳಿಗೆಯನ್ನು ಮೋಟು ಮಾಡುವುದನ್ನು ನಿಷೇಧಿಸಿದೆ. ಇದು ಕೇವಲ ಸರಕಾರದ ಕಟ್ಟುಪಾಡೆಂದು ತಿಳಿಯುವವರುಂಟು. ಗಿಡ್ಡ ನಳಿಗೆಯ ಬಂದೂಕನ್ನು ಬಟ್ಟೆಯ ಮರೆಯಲ್ಲಿ ಅಡಗಿಸುವುದು ಸುಲಭವೆಂಬ ಕಾರಣ ಎಲ್ಲರಿಗೂ ಹೊಳೆಯುತ್ತದೆ. ಮೇಲಿನ ಲೆಕ್ಕಗಳು ಇನ್ನೊಂದು ಕಾರಣವನ್ನು ಒದಗಿಸುತ್ತವೆ: ಕತ್ತರಿಸಿದ ನಳಿಗೆ ಗುರಿಯ ನಿಖರತೆಯನ್ನು ಕಡಿಮೆ ಮಾಡುತ್ತದೆಯೇ ಹೊರತು ತಪ್ಪಿಹೋದ ಗುಂಡಿನ ಭಯವನ್ನು ಕಡಿಮೆ ಮಾಡುವುದಿಲ್ಲ. ವಿಜ್ಞಾನವೂ ಕಾನೂನೂ ಇಲ್ಲಿ ಒಂದೇ ಮಾತನ್ನು ಹೇಳುತ್ತವೆ.

ಆದುದರಿಂದ ಆಯುಧಗಳ ವಿಷಯವಾಗಿ ವರದಿಯಲ್ಲಾಗಲಿ ಭಾಷಣದಲ್ಲಾಗಲಿ ‘ಇಷ್ಟು ದೂರ ಹೊಡೆಯುತ್ತದೆ’ ಎಂಬ ಒಂಟಿ ಸಂಖ್ಯೆಯನ್ನು ಕೊಟ್ಟು ಸುಮ್ಮನಾಗಬಾರದು. ಯಾವ ನಳಿಗೆಯಿಂದ, ಯಾವ ತೋಟಾದಿಂದ, ಎಷ್ಟು ದೊಡ್ಡ ಗುರಿಗೆ ಎಂಬುದನ್ನು ಹೇಳಬೇಕು. ಅದರ ಪಕ್ಕದಲ್ಲಿಯೇ ಅಪಾಯದ ದೂರವನ್ನೂ ಬರೆಯಬೇಕು. ನಮ್ಮ ಶಾಲೆ ಕಾಲೇಜುಗಳಲ್ಲಿ ಎಸೆದ ವಸ್ತುವಿನ ಚಲನೆಯನ್ನು ಕಲಿಸುವಾಗ ‘ಗಾಳಿಯ ತಡೆಯನ್ನು ಗಣಿಸಬೇಡಿ’ ಎಂಬ ಸೂಚನೆಯೊಂದಿಗೆ ಲೆಕ್ಕ ಮುಗಿದುಹೋಗುತ್ತದೆ. ಆ ಲೆಕ್ಕವನ್ನು ಮಾಡಿದ ಮೇಲೆ 82 ಕಿಲೋಮೀಟರು ನಾಲ್ಕು ಕಿಲೋಮೀಟರಿನೊಳಗೆ ಹೇಗೆ ಕುಗ್ಗಿತೆಂದು ವಿದ್ಯಾರ್ಥಿಯನ್ನು ಕೇಳಿದರೆ ಅವನು ಗಾಳಿಯ ಪ್ರಭಾವವನ್ನು ಎಂದಿಗೂ ಮರೆಯಲಾರನು. ಆ ನಾಲ್ಕು ಕಿಲೋಮೀಟರಿನೊಳಗೆ ಯಾರು ಯಾರು ವಾಸಿಸುತ್ತಾರೆಂದು ತನ್ನ ಊರಿನ ನಕ್ಷೆಯ ಮೇಲೆ ಒಂದು ವೃತ್ತವನ್ನು ಎಳೆದು ನೋಡಿದರೆ, ಗುಂಡಿನ ದೂರವನ್ನು ಅಳೆಯುವ ಸರಿಯಾದ ರೀತಿ ಯಾವುದೆಂದು ಅವನಿಗೆ ಬೇರೆ ಯಾರೂ ಹೇಳಿಕೊಡಬೇಕಾಗುವುದಿಲ್ಲ.